ಮಾಯಾ, ಹುಡಿನಿ, ಫೋಟೋಶಾಪ್: ಇವುಗಳ ಒಳಗೆ ಯಾವ ಭಾಷೆ ಇದೆ?

ಪ್ರಶ್ನೆ: ಎರಡು ವರ್ಷದಿಂದ ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಪೈಥಾನ್ ಸ್ವಲ್ಪ ಬರುತ್ತದೆ. ಮೆಶ್ ಮೇಲೆ, ಅಂದರೆ ಪಾಯಿಂಟ್‌ಗಳನ್ನು ಜೋಡಿಸಿ ಮಾಡಿದ 3ಡಿ ಆಕಾರದ ಮೇಲೆ, ನೀರಿನ ಅಲೆ ಎಬ್ಬಿಸುವ ಒಂದು ಆಡ್-ಆನ್ ಬರೆದಿದ್ದೇನೆ. ಸಣ್ಣ ಮೆಶ್‌ಗೆ ಚೆನ್ನಾಗಿ ಓಡುತ್ತದೆ. ಹತ್ತು ಲಕ್ಷ ಪಾಯಿಂಟ್ ಇರುವ ಮೆಶ್ ಕೊಟ್ಟರೆ ಬ್ಲೆಂಡರ್ ನಿಂತೇ ಹೋಗುತ್ತದೆ. ಮಾಯಾ, ಹುಡಿನಿ, ಫೋಟೋಶಾಪ್‌ನಂಥ 3ಡಿ, ಚಿತ್ರದ ಸಾಫ್ಟ್‌ವೇರ್‌ಗಳನ್ನು ಯಾವ ಭಾಷೆಯಲ್ಲಿ ಬರೆಯುತ್ತಾರೆ ಸರ್? ಪೈಥಾನ್ ನಿಧಾನ ಅಂತಾರೆ, ಆದರೆ ಎಲ್ಲ ಕಡೆ ಅದೇ ಕಾಣುತ್ತದಲ್ಲ, ಯಾಕೆ? ಮುಂದೆ ಇಂಥ ಸಾಫ್ಟ್‌ವೇರ್ ಬರೆಯುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಸಿ++ ಕಲಿಯಲೋ, ರಸ್ಟ್ ಕಲಿಯಲೋ, ಪೈಥಾನೇ ಸಾಕೋ?

ಉತ್ತರ: ನಿಮ್ಮ ಅಲೆ ಹತ್ತು ಲಕ್ಷ ಪಾಯಿಂಟಿಗೆ ನಿಂತುಹೋದದ್ದು ಒಳ್ಳೆಯದೇ ಆಯಿತು. ನೀವು ಕೇಳಿದ ಎಲ್ಲದಕ್ಕೂ ಉತ್ತರ ಅದರೊಳಗೇ ಇದೆ. ಹಾಗಾಗಿ ಆ ಅಲೆಯನ್ನೇ ಹಿಡಿದುಕೊಂಡು ಹೋಗೋಣ.

ಮೊದಲು ನೇರ ಉತ್ತರ. ಮಾಯಾ, ಹುಡಿನಿ, ನ್ಯೂಕ್, 3ಡಿಎಸ್ ಮ್ಯಾಕ್ಸ್, ಸಿನಿಮಾ 4ಡಿ, ಫೋಟೋಶಾಪ್, ಆಫ್ಟರ್ ಎಫೆಕ್ಟ್ಸ್ ಇವೆಲ್ಲದರ ಹೊಟ್ಟೆಯೊಳಗೆ ಇರುವುದು ಮುಖ್ಯವಾಗಿ ಸಿ++. ಬ್ಲೆಂಡರ್ ಸಿ ಮತ್ತು ಸಿ++ ಎರಡರ ಮೇಲೆ ನಿಂತಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಸಿ ಫೈಲುಗಳೂ ಸಿ++ ಆಗುತ್ತಾ ಬಂದಿವೆ.

ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ನಿಮಗೆ ಏನೂ ಉಪಯೋಗವಿಲ್ಲ. ಯಾಕೆಂದರೆ ಇಂಥ ಯಾವ ಸಾಫ್ಟ್‌ವೇರೂ ಒಂದೇ ಭಾಷೆಯಲ್ಲಿ ಇರುವುದಿಲ್ಲ. ಮೂರು ನಾಲ್ಕು ಭಾಷೆಗಳು ಪದರ ಪದರವಾಗಿ ಕೂತಿರುತ್ತವೆ. ಯಾವ ಸಾಲು ಯಾವ ಪದರಕ್ಕೆ ಹೋಗಬೇಕು ಅನ್ನುವುದು ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಈ ಸಾಲು ಸೆಕೆಂಡಿಗೆ ಎಷ್ಟು ಸಲ ಓಡುತ್ತದೆ? ನಾಳೆ ಇದನ್ನು ಬದಲಾಯಿಸುವವರು ಯಾರು?

ಮೊದಲನೇ ಪ್ರಶ್ನೆಯನ್ನು ನಾನು ಕಲಿತದ್ದು ಪೆಟ್ಟು ತಿಂದು. ಕೆಲಸಕ್ಕೆ ಸೇರಿದ ಹೊಸತು. ಒಂದು ಪಾತ್ರದ ಬಟ್ಟೆಯಲ್ಲಿ ಸುಕ್ಕು ಮೂಡಿಸುವ ಡಿಫಾರ್ಮರ್, ಅಂದರೆ ಮೆಶ್ ಆಕಾರ ಬದಲಾಯಿಸುವ ಟೂಲ್, ಬೇಕಿತ್ತು. ಮಾಯಾ ಒಳಗೆ ಪೈಥಾನ್‌ನಲ್ಲೇ ಬರೆದೆ. ಎರಡು ದಿನದಲ್ಲಿ ಮುಗಿಯಿತು. ನನ್ನ ಟೆಸ್ಟ್ ಮೆಶ್ ಮೇಲೆ ಚೆನ್ನಾಗಿಯೇ ಓಡಿತು. ಆದರೆ ಆ ಪಾತ್ರದ ನಿಜವಾದ ಬಟ್ಟೆಯಲ್ಲಿ 60,000 ವರ್ಟೆಕ್ಸ್ (ಪಾಯಿಂಟ್) ಇದ್ದವು. ಆನಿಮೇಟರ್ ಪ್ಲೇ ಒತ್ತಿದರೆ ಸೆಕೆಂಡಿಗೆ 24 ಫ್ರೇಮ್ ಬರಬೇಕಾದ ಕಡೆ ಎರಡೋ ಮೂರೋ ಬರುತ್ತಿತ್ತು. ಅವರ ಅರ್ಧ ದಿನದ ಕೆಲಸ ಹಾಳಾಯಿತು. ನಮ್ಮ ತಂಡದ ಹಿರಿಯರು ಬಂದರು, ಬೈಯಲಿಲ್ಲ. ನನ್ನ ಕೋಡಿನಲ್ಲಿ ಲೂಪಿನ ಒಳಗಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು, "ಇದು ಸೆಕೆಂಡಿಗೆ ಎಷ್ಟು ಸಲ ಓಡಬೇಕು, ಲೆಕ್ಕ ಹಾಕು" ಅಂದರು. 60,000ವನ್ನು 24ರಿಂದ ಗುಣಿಸಿದೆ. 14,40,000 ಸಲ. ಆ ಸಂಖ್ಯೆ ನೋಡಿದ ಮೇಲೆ ಯಾವ ಭಾಷೆ ಅನ್ನುವ ಚರ್ಚೆಯೇ ಉಳಿಯಲಿಲ್ಲ. ಆ ಲೂಪನ್ನು ಸಿ++ನಲ್ಲಿ ಮತ್ತೆ ಬರೆದೆ. ಬಟನ್, ಸ್ಲೈಡರ್, ಮೆನು ಎಲ್ಲ ಪೈಥಾನ್‌ನಲ್ಲೇ ಉಳಿದವು. ಬಟನ್ ಒತ್ತಿದಾಗ ಒಮ್ಮೆ ಓಡುವ ಸಾಲಿಗೆ ಸಿ++ ಯಾಕೆ ಬೇಕು, ಅಲ್ವಾ?

ನಿಮ್ಮ ಅಲೆಗೂ ಇದೇ ಲೆಕ್ಕ ಹಾಕಿ. ಹತ್ತು ಲಕ್ಷ ಪಾಯಿಂಟ್, ಸೆಕೆಂಡಿಗೆ 24 ಫ್ರೇಮ್. ಎತ್ತರ ಲೆಕ್ಕ ಹಾಕುವ ನಿಮ್ಮ ಸಾಲು ಸೆಕೆಂಡಿಗೆ 2 ಕೋಟಿ 40 ಲಕ್ಷ ಸಲ ಓಡಬೇಕು. ಒಂದು ಫ್ರೇಮಿಗೆ ನಿಮ್ಮ ಕೈಯಲ್ಲಿ ಇರುವ ಸಮಯ 41 ಮಿಲಿಸೆಕೆಂಡಿಗಿಂತ ಚೂರು ಜಾಸ್ತಿ. ಸ್ಕ್ರೀನ್ ಮೇಲೆ ಚಿತ್ರ ಬಿಡಿಸುವುದು, ಬೆಳಕು, ಉಳಿದದ್ದೆಲ್ಲ ಅದರೊಳಗೇ ಆಗಬೇಕು.

ಇಲ್ಲಿ ಪೈಥಾನ್ ಯಾಕೆ ಸೋಲುತ್ತದೆ ಅಂತ ಸರಿಯಾಗಿ ಅರ್ಥ ಮಾಡಿಕೊಳ್ಳಿ. "ನಿಧಾನ" ಅಂತ ಸುಮ್ನೆ ಹೇಳಿಬಿಟ್ಟರೆ ಏನೂ ಕಲಿತ ಹಾಗಾಗುವುದಿಲ್ಲ. ಒಂದು ಪಾಯಿಂಟ್ ಅಂದರೆ ಮೂರು ಸಂಖ್ಯೆ. ಸಿ++ನಲ್ಲಿ ಒಂದೊಂದಕ್ಕೆ 4 ಬೈಟ್, ಒಟ್ಟು 12 ಬೈಟ್. ಹತ್ತು ಲಕ್ಷ ಪಾಯಿಂಟಿಗೆ 12 ಮೆಗಾಬೈಟ್, ಅದೂ ಮೆಮೊರಿಯಲ್ಲಿ ಒಂದರ ಪಕ್ಕ ಒಂದು, ಸಾಲಾಗಿ. ಪೈಥಾನ್‌ನಲ್ಲಿ ಪ್ರತಿ ದಶಮಾಂಶ ಸಂಖ್ಯೆಯೂ ಒಂದು ಬೇರೆ ಡಬ್ಬಿ. ಆ ಡಬ್ಬಿಗೇ 24 ಬೈಟ್. ಅದರ ಮೇಲೆ ಅದೆಲ್ಲಿದೆ ಅಂತ ತೋರಿಸುವ ವಿಳಾಸಕ್ಕೆ 8 ಬೈಟ್. ಮೂರು ಸಂಖ್ಯೆಯ ಒಂದು ಲಿಸ್ಟ್ ಮಾಡಿದರೆ 150 ಬೈಟ್ ದಾಟುತ್ತದೆ. ಡಬ್ಬಿಗಳು ಮೆಮೊರಿಯಲ್ಲಿ ಎಲ್ಲೆಲ್ಲೋ ಚದುರಿರುತ್ತವೆ. ಪ್ರತಿ ಸಲ ಕೂಡುವಾಗಲೂ "ಇದು ಯಾವ ಬಗೆಯ ವಸ್ತು" ಅಂತ ಡಬ್ಬಿ ತೆರೆದು ನೋಡಬೇಕು. ಉತ್ತರ ಬಂದಾಗ ಅದಕ್ಕೊಂದು ಹೊಸ ಡಬ್ಬಿ ಮಾಡಬೇಕು.

ಪ್ರೊಸೆಸರ್ ಮೆಮೊರಿಯಿಂದ ಒಂದೊಂದೇ ಸಂಖ್ಯೆ ತರುವುದಿಲ್ಲ. ನಾವು ದಿನಾ ಬಳಸುವ ಹೆಚ್ಚಿನ ಕಂಪ್ಯೂಟರುಗಳಲ್ಲಿ ಒಂದು ಸಲಕ್ಕೆ 64 ಬೈಟಿನ ಒಂದು ತುಂಡನ್ನೇ ತನ್ನೊಳಗಿನ ಸಣ್ಣ, ವೇಗದ ಮೆಮೊರಿಯಾದ ಕ್ಯಾಶ್‌ಗೆ ಎಳೆದುಕೊಳ್ಳುತ್ತದೆ. ಸಾಲಾಗಿ ಜೋಡಿಸಿದ್ದರೆ ಒಂದೇ ತುಂಡಿನಲ್ಲಿ ಐದು ಪಾಯಿಂಟ್ ಬಂದುಬಿಡುತ್ತವೆ. ಚದುರಿದ್ದರೆ ಪ್ರತಿ ಡಬ್ಬಿಗೂ ಮತ್ತೆ ಮತ್ತೆ ಓಡಾಟ. ಕ್ಯಾಶ್‌ನಲ್ಲಿ ಇದ್ದದ್ದನ್ನು ಓದಲು ಪ್ರೊಸೆಸರಿಗೆ ಅದರ ಗಡಿಯಾರದ ನಾಲ್ಕೈದು ಬಡಿತ ಸಾಕು. ಮುಖ್ಯ ಮೆಮೊರಿಗೆ ಹೋಗಿ ಬರಲು ನೂರಾರು ಬಡಿತ ಬೇಕು. ಸಿ++ ಗ್ರಾಫಿಕ್ಸ್ ಲೋಕವನ್ನು ಆಳುತ್ತಿರುವುದಕ್ಕೆ ನನ್ನ ಪ್ರಕಾರ ದೊಡ್ಡ ಕಾರಣ ಇದೇ. ಡೇಟಾ ಮೆಮೊರಿಯಲ್ಲಿ ಹೇಗೆ ಕೂರಬೇಕು ಅಂತ ನೀವು ಬೈಟ್ ಲೆಕ್ಕದಲ್ಲಿ ಹೇಳಬಹುದು. ಯಾವಾಗ ಮೆಮೊರಿ ಬಿಡಬೇಕು ಅಂತಲೂ ನೀವೇ ಹೇಳುತ್ತೀರಿ. ಮಧ್ಯದಲ್ಲಿ ಬಳಕೆ ಮುಗಿದ ಮೆಮೊರಿಯ ಕಸ ಗುಡಿಸಲು ಅಂತ ಪ್ರೋಗ್ರಾಂ ನಿಲ್ಲುವುದಿಲ್ಲ. 41 ಮಿಲಿಸೆಕೆಂಡಿನ ಕೆಲಸದಲ್ಲಿ ಹೇಳದೇ ಕೇಳದೇ 15 ಮಿಲಿಸೆಕೆಂಡ್ ನಿಂತರೆ ಅದು ಕಣ್ಣಿಗೆ ಹೊಡೆಯುತ್ತದೆ.

ಇದರ ಬೆಲೆಯೂ ಇದೆ. ಬಿಟ್ಟುಬಿಟ್ಟ ಮೆಮೊರಿಯನ್ನು ತಪ್ಪಿ ಮತ್ತೆ ಮುಟ್ಟಿದರೆ ಸಾಫ್ಟ್‌ವೇರ್ ಇಡಿಯಾಗಿ ಬಿದ್ದುಹೋಗಬಹುದು. ಸೇವ್ ಮಾಡದ ಕೆಲಸ ಹೋಯಿತು. ಆರ್ಟಿಸ್ಟ್‌ಗಳು ಐದೈದು ನಿಮಿಷಕ್ಕೆ ಸೇವ್ ಒತ್ತುವ ಅಭ್ಯಾಸ ಮಾಡಿಕೊಂಡಿರುವುದು ಇದಕ್ಕೇ.

ಇನ್ನು ಎರಡನೇ ಪ್ರಶ್ನೆ, ನಾಳೆ ಬದಲಾಯಿಸುವವರು ಯಾರು ಅನ್ನುವುದು. ಪೈಥಾನ್ ಎಲ್ಲ ಕಡೆ ಇರುವುದಕ್ಕೆ ಉತ್ತರ ಇಲ್ಲಿದೆ.

ಈ ಸಾಫ್ಟ್‌ವೇರ್‌ಗಳನ್ನು ಮಾಡಿದವರಿಗೆ ಮೊದಲಿನಿಂದ ಒಂದು ವಿಷಯ ಗೊತ್ತಿತ್ತು. ಯಾವ ಸ್ಟುಡಿಯೋವೂ ಕೊಟ್ಟದ್ದನ್ನು ಕೊಟ್ಟ ಹಾಗೆ ಬಳಸುವುದಿಲ್ಲ. ಪ್ರತಿಯೊಬ್ಬರಿಗೂ ತಮ್ಮದೇ ಮೆನು, ತಮ್ಮದೇ ಫೈಲ್ ಹೆಸರು, ತಮ್ಮದೇ ರಿಗ್ (ಪಾತ್ರವನ್ನು ಆಡಿಸುವ ಒಳಗಿನ ಎಲುಬುಗೂಡು) ಬೇಕು. ಅದಕ್ಕೆಲ್ಲ ಸಿ++ ಬರೆದು, ಕಂಪೈಲ್ ಮಾಡಿ, ಮತ್ತೆ ತೆರೆಯಿರಿ ಅಂದರೆ ಆಗುವ ಮಾತಲ್ಲ. ಹಾಗಾಗಿ ಪ್ರತಿ ಸಾಫ್ಟ್‌ವೇರೂ ಒಳಗೊಂದು ಸಣ್ಣ ಸ್ಕ್ರಿಪ್ಟಿಂಗ್ ಭಾಷೆ ಇಟ್ಟುಕೊಂಡಿತು. ಒಂದೊಂದು ಮನೆಗೆ ಒಂದೊಂದು ಮನೆಮಾತು ಇದ್ದ ಹಾಗೆ. 1998ರಲ್ಲಿ ಬಂದ ಮಾಯಾಗೆ ಮೆಲ್. 3ಡಿಎಸ್ ಮ್ಯಾಕ್ಸ್‌ಗೆ ಮ್ಯಾಕ್ಸ್‌ಸ್ಕ್ರಿಪ್ಟ್. ಹುಡಿನಿಗೆ ಎಚ್‌ಸ್ಕ್ರಿಪ್ಟ್. ನ್ಯೂಕ್‌ಗೆ ಟಿಸಿಎಲ್. ಸಿನಿಮಾ 4ಡಿಗೆ ಕಾಫಿ ಅನ್ನುವ ಭಾಷೆ. ಆಟೋಕ್ಯಾಡ್ ಅಂತೂ 1986ರಲ್ಲೇ ಆಟೋಲಿಸ್ಪ್ ಕೊಟ್ಟಿತ್ತು.

ಮೆಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾಯಾದಲ್ಲಿ ನೀವು ಮೌಸ್‌ನಿಂದ ಮಾಡಿದ್ದರಲ್ಲಿ ಹೆಚ್ಚಿನದು ಸ್ಕ್ರಿಪ್ಟ್ ಎಡಿಟರಿನಲ್ಲಿ ಮೆಲ್ ಸಾಲಾಗಿ ಬಂದು ಬೀಳುತ್ತದೆ. ಮೆನುಗಳಲ್ಲಿ ಬಹುಪಾಲು ಮೆಲ್‌ನಲ್ಲೇ ಬರೆದವು. ಮಾಯಾ ಆಸ್ಕಿ ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆದು ನೋಡಿ, ಒಳಗಿರುವುದು ಮೆಲ್ ಆಜ್ಞೆಗಳೇ. ಇಂಥ ನೋಡ್ (ದೃಶ್ಯದ ಒಂದು ತುಣುಕು) ಮಾಡು, ಅದಕ್ಕೆ ಇಂಥ ಬೆಲೆ ಕೊಡು, ಇದನ್ನು ಅದಕ್ಕೆ ಜೋಡಿಸು, ಅಷ್ಟೇ. ಇಡೀ ದೃಶ್ಯವೇ ಒಂದು ಪ್ರೋಗ್ರಾಂ! ರೆಂಡರ್ ಮಾಡುವ, ಅಂದರೆ ದೃಶ್ಯದಿಂದ ಕೊನೆಯ ಚಿತ್ರ ತೆಗೆಯುವ ಹೊತ್ತಿಗೆ ಫೈಲ್ ಕೆಟ್ಟರೆ ಟೆಕ್ಸ್ಟ್ ಎಡಿಟರಿನಲ್ಲಿ ಆ ಒಂದು ಸಾಲನ್ನು ಅಳಿಸಿ ಫೈಲ್ ಉಳಿಸಿಕೊಂಡ ರಾತ್ರಿಗಳು ನನಗೆ ಚೆನ್ನಾಗಿ ನೆನಪಿವೆ. ಎಂಥ ಒಳ್ಳೆಯ ಯೋಚನೆ ಅಂತ ಈಗಲೂ ಅನಿಸುತ್ತದೆ.

ಆದರೆ ಒಂದು ಸಿನಿಮಾದ ಕೆಲಸ ಒಂದೇ ಸಾಫ್ಟ್‌ವೇರಿನಲ್ಲಿ ಮುಗಿಯುವುದಿಲ್ಲ. ಪಾತ್ರ ಮಾಯಾದಲ್ಲಿ, ಹೊಗೆ ಹುಡಿನಿಯಲ್ಲಿ, ಎಲ್ಲ ಸೇರಿಸುವುದು ನ್ಯೂಕ್‌ನಲ್ಲಿ. ಮೂರು ಮನೆಮಾತು ಕಲಿಯಬೇಕಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓಡುತ್ತಿರಲಿಲ್ಲ. 2007ರ ಆಸುಪಾಸಿನಲ್ಲಿ ಇದು ಬದಲಾಯಿತು. ಆ ವರ್ಷ ಮಾಯಾ 8.5ರಲ್ಲಿ ಪೈಥಾನ್ ಬಂತು, ಹುಡಿನಿ 9ರಲ್ಲೂ ಬಂತು. ಆಮೇಲೆ ನ್ಯೂಕ್, ಸಿನಿಮಾ 4ಡಿ, 3ಡಿಎಸ್ ಮ್ಯಾಕ್ಸ್ ಒಂದೊಂದಾಗಿ ಸೇರಿದವು. ಬ್ಲೆಂಡರ್ ಅದಕ್ಕೂ ಎಷ್ಟೋ ಮೊದಲೇ ಪೈಥಾನ್ ಇಟ್ಟುಕೊಂಡಿತ್ತು. ಪೈಥಾನ್ ಗೆದ್ದದ್ದು ವೇಗದಿಂದಲ್ಲ. ಎಲ್ಲ ಮನೆಯವರೂ ಒಪ್ಪಿದ ಬೀದಿಮಾತು ಅದಾಯಿತು, ಅದಕ್ಕೆ. ಜೊತೆಗೆ ಪೈಥಾನ್ ಅನ್ನು ಸಿ ಅಥವಾ ಸಿ++ ಪ್ರೋಗ್ರಾಂ ಒಳಗೆ ಕೂರಿಸುವುದು ಸುಲಭ. ಹಳೆಯ ಮನೆಮಾತುಗಳು ಪೂರ್ತಿ ಹೋಗಿಲ್ಲ. ನ್ಯೂಕ್ ಫೈಲ್ ತೆರೆದರೆ ಇವತ್ತಿಗೂ ಟಿಸಿಎಲ್‌ನ ಚಹರೆ ಕಾಣುತ್ತದೆ.

ಪೈಥಾನ್ 2ರಿಂದ 3ಕ್ಕೆ ದಾಟಿದ ಕಾಲ ಇನ್ನೊಂದು ಪಾಠ. ಪೈಥಾನ್ 2ರ ಬೆಂಬಲ 2020ರ ಜನವರಿ 1ಕ್ಕೆ ಮುಗಿಯಿತು. ಸ್ಟುಡಿಯೋಗಳಲ್ಲಿ ಹತ್ತು ಹದಿನೈದು ವರ್ಷದ ಸ್ಕ್ರಿಪ್ಟ್‌ಗಳು ಗುಡ್ಡೆ ಬಿದ್ದಿದ್ದವು. ಎರರ್ ಕೊಟ್ಟು ನಿಲ್ಲುವ ಸ್ಕ್ರಿಪ್ಟ್‌ಗಳಿಂದ ತೊಂದರೆ ಇರಲಿಲ್ಲ, ತಿದ್ದಿದರಾಯಿತು. ಎರರ್ ಕೊಡದೇ ತಪ್ಪು ಕೆಲಸ ಮಾಡುವವು ಅಪಾಯ. ಹಳೆಯ ಪೈಥಾನ್‌ನಲ್ಲಿ 7ನ್ನು 2ರಿಂದ ಭಾಗಿಸಿದರೆ 3 ಬರುತ್ತಿತ್ತು. ಹೊಸದರಲ್ಲಿ 3.5 ಬರುತ್ತದೆ. ಫ್ರೇಮ್ ನಂಬರಿನ ಮಧ್ಯಬಿಂದು ಹುಡುಕುವ ಒಂದು ಪುಟ್ಟ ಸ್ಕ್ರಿಪ್ಟ್ ಇದರಿಂದ ಇಲ್ಲದ ಫ್ರೇಮಿನ ಹೆಸರು ಹುಟ್ಟಿಸುತ್ತಿತ್ತು. ಅದನ್ನು ಹಿಡಿಯಲು ನಮಗೆ ಒಂದು ವಾರ ಬೇಕಾಯಿತು. ಭಾಷೆ ಕಲಿಯುವಾಗ ಅದರ ಆವೃತ್ತಿಗಳ ವ್ಯತ್ಯಾಸವನ್ನೂ ಕಲಿಯಿರಿ ಅಂತ ನಾನು ಹೊಸಬರಿಗೆ ಹೇಳುವುದು ಇದಕ್ಕೇ.

ಸಿ++ ಕೆಳಗೆ, ಪೈಥಾನ್ ಮೇಲೆ. ಇವೆರಡರ ನಡುವೆ ಇನ್ನೊಂದು ಪದರ ಇದೆ. ನನಗೆ ಅತಿ ಇಷ್ಟವಾದದ್ದು ಅದೇ. ಒಂದೇ ಕೆಲಸಕ್ಕಾಗಿ ಹುಟ್ಟಿದ ಸಣ್ಣ ಭಾಷೆಗಳು. ಸಿ++ನಷ್ಟು ವೇಗ ಬೇಕು, ಆದರೆ ಬದಲಾಯಿಸುವವರು ಆರ್ಟಿಸ್ಟ್‌ಗಳು. ಹಾಗಿದ್ದಾಗ ಏನು ಮಾಡುವುದು?

ಹುಡಿನಿಯ ವೆಕ್ಸ್ ಇದಕ್ಕೆ ಒಳ್ಳೆಯ ಉತ್ತರ. ನಿಮ್ಮ ಅಲೆಯನ್ನು ವೆಕ್ಸ್‌ನಲ್ಲಿ ಬರೆದರೆ ಒಂದೇ ಸಾಲು. ಪಾಯಿಂಟಿನ ಎತ್ತರಕ್ಕೆ ಸೈನ್ ಬೆಲೆ ಕೂಡಿಸು, ಅಷ್ಟೇ. ಲೂಪ್ ಬರೆಯುವುದೇ ಇಲ್ಲ. ಪಾಯಿಂಟ್ ರ‍್ಯಾಂಗಲ್ ಅನ್ನುವ ನೋಡಿನಲ್ಲಿ ಆ ಸಾಲು ಹಾಕಿದರೆ ಪ್ರತಿ ಪಾಯಿಂಟಿಗೂ ಒಮ್ಮೆ ಓಡುತ್ತದೆ. ಇದರೊಳಗೆ ಒಂದು ಜಾಣತನ ಇದೆ. ಒಂದು ಪಾಯಿಂಟಿನ ಕೆಲಸ ಮಾಡುವಾಗ ಪಕ್ಕದ ಪಾಯಿಂಟನ್ನು ಓದಬಹುದು. ಆದರೆ ಪಕ್ಕದ್ದಕ್ಕೆ ಬರೆದರೆ ಅದು ಜಾರಿಗೆ ಬರುವುದು ಎಲ್ಲ ಪಾಯಿಂಟಿನ ಕೆಲಸ ಮುಗಿದ ಮೇಲೆ. ಹಾಗಾಗಿ ಯಾರ ಕೆಲಸವೂ ಇನ್ನೊಬ್ಬರ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಹತ್ತು ಲಕ್ಷ ಪಾಯಿಂಟನ್ನು ಪ್ರೊಸೆಸರಿನ ಎಲ್ಲ ಕೋರ್‌ಗಳಿಗೂ ಹಂಚಬಹುದು. ಆರ್ಟಿಸ್ಟ್‌ಗೆ ಥ್ರೆಡ್ ಅಂದರೇನು ಅಂತ ಗೊತ್ತಿರಬೇಕಾಗಿಲ್ಲ. ಭಾಷೆ ಕೆಲವನ್ನು ಮಾಡಲು ಬಿಡುವುದಿಲ್ಲ, ಅದಕ್ಕೇ ಅದು ವೇಗ. ಬ್ಲೆಂಡರಿನ ಜಿಯೋಮೆಟ್ರಿ ನೋಡ್ಸ್ ಕೂಡ ಇದೇ ದಾರಿಯದು. ಅಕ್ಷರದ ಬದಲು ನೋಡ್‌ಗಳಲ್ಲಿ ಬರೆಯುತ್ತೀರಿ, ಕೆಳಗೆ ಓಡುವುದು ಸಿ++.

ಶೇಡರ್ ಭಾಷೆಗಳೂ ಇದೇ ಜಾತಿಯವು. ಪಾಯಿಂಟ್ ಎಲ್ಲಿ ಕಾಣಬೇಕು, ಪಿಕ್ಸೆಲ್ ಯಾವ ಬಣ್ಣ ಅಂತ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮೇ ಶೇಡರ್. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ. ಸೆಕೆಂಡಿಗೆ 60 ಫ್ರೇಮ್ ಬೇಕೆಂದರೆ ಪಿಕ್ಸೆಲ್ ಬಣ್ಣ ಹಾಕುವ ಕೋಡ್ ಸುಮಾರು 50 ಕೋಟಿ ಸಲ ಓಡಬೇಕು. ಇದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಅಲ್ಲಿ ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್ ಜೊತೆ ಎಚ್‌ಎಲ್‌ಎಸ್‌ಎಲ್, ಓಪನ್‌ಜಿಎಲ್ ಜೊತೆ ಜಿಎಲ್‌ಎಸ್‌ಎಲ್, ಆ್ಯಪಲ್ ಕಡೆ ಮೆಟಲ್. ಮೂರೂ ಸಿ ಕುಟುಂಬದ ಮಕ್ಕಳು. ಒಂದು ಕಲಿತರೆ ಇನ್ನೊಂದು ವಾರದ ಕೆಲಸ. ನಿಮ್ಮ ಅಲೆಯನ್ನು ವರ್ಟೆಕ್ಸ್ ಶೇಡರ್‌ನಲ್ಲಿ ಬರೆದರೆ ಹತ್ತು ಲಕ್ಷ ಪಾಯಿಂಟ್ ಒಂದು ವಿಷಯವೇ ಅಲ್ಲ. ಆದರೆ ಒಂದು ಎಚ್ಚರ. ಆಗ ಅಲೆ ಪರದೆಯ ಮೇಲೆ ಮಾತ್ರ ಇರುತ್ತದೆ. ಮೆಮೊರಿಯಲ್ಲಿರುವ ಮೆಶ್ ಚಪ್ಪಟೆಯಾಗಿಯೇ ಇರುತ್ತದೆ. ಎಕ್ಸ್‌ಪೋರ್ಟ್ ಮಾಡಿದರೆ ಅಲೆ ಬರುವುದಿಲ್ಲ. ಆಟಕ್ಕೆ ಅಷ್ಟು ಸಾಕು, ಮಾಡೆಲಿಂಗ್‌ಗೆ ಸಾಲದು.

ಸಿನಿಮಾ ರೆಂಡರ್‌ನ ಶೇಡರ್ ಕಥೆ ಬೇರೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಪಿಕ್ಸಾರ್ 1988ರಲ್ಲಿ ರೆಂಡರ್‌ಮ್ಯಾನ್ ಅನ್ನುವ ರೆಂಡರ್ ವ್ಯವಸ್ಥೆಯ ವಿವರಣೆಯನ್ನು ಹೊರತಂದಿತು. ಅದರ ಶೇಡಿಂಗ್ ಭಾಷೆಯ ಬಗ್ಗೆ ಪ್ಯಾಟ್ ಹ್ಯಾನ್ರಹಾನ್ ಮತ್ತು ಜಿಮ್ ಲಾಸನ್ 1990ರಲ್ಲಿ ಬರೆದ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಆ ಭಾಷೆಯಲ್ಲಿ ಶೇಡರ್ ಬರೆಯುವವರು ದೀಪಗಳನ್ನು ಒಂದೊಂದಾಗಿ ಸುತ್ತಿ, ಒಂದೊಂದರಿಂದ ಎಷ್ಟು ಬೆಳಕು ಬಂತು ಅಂತ ತಾವೇ ಕೂಡಿಸಿ, ಕೊನೆಗೆ ಒಂದು ಬಣ್ಣ ಕೊಡುತ್ತಿದ್ದರು. ಎಲ್ಲ ಅಧಿಕಾರ ಅವರ ಕೈಯಲ್ಲಿ. ಇಪ್ಪತ್ತು ವರ್ಷ ಅದು ಚೆನ್ನಾಗಿಯೇ ನಡೆಯಿತು.

ಆಮೇಲೆ ಪಾತ್ ಟ್ರೇಸಿಂಗ್ ಬಂತು. ಬೆಳಕು ಗೋಡೆಗೆ ಬಡಿದು, ನೆಲಕ್ಕೆ ಬಡಿದು, ಮತ್ತೆಲ್ಲೋ ಹೋಗುತ್ತದೆ. ಮುಂದಿನ ಕಿರಣ ಯಾವ ಕಡೆ ಕಳಿಸಬೇಕು ಅಂತ ರೆಂಡರರ್ ತೀರ್ಮಾನಿಸಬೇಕು. ಶೇಡರ್ ಬರೀ ಒಂದು ಬಣ್ಣ ಕೊಟ್ಟರೆ ರೆಂಡರರಿಗೆ ಏನೂ ತಿಳಿಯುವುದಿಲ್ಲ. ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್‌ನಲ್ಲಿ ಲ್ಯಾರಿ ಗ್ರಿಟ್ಜ್ ಮತ್ತು ತಂಡ ಓಪನ್ ಶೇಡಿಂಗ್ ಲ್ಯಾಂಗ್ವೇಜ್ ಮಾಡಿ 2010ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಇದರಲ್ಲಿ ಶೇಡರ್ ಬಣ್ಣ ಕೊಡುವುದಿಲ್ಲ. "ಈ ಮೇಲ್ಮೈ ಬೆಳಕನ್ನು ಹೀಗೆ ಚದುರಿಸುತ್ತದೆ" ಅಂತ ಒಂದು ವಿವರಣೆ ಕೊಡುತ್ತದೆ. ಅದಕ್ಕೆ ಕ್ಲೋಶರ್ ಅಂತಾರೆ. ಉಳಿದದ್ದು ರೆಂಡರರಿನ ಪಾಡು. ಶೇಡರ್ ಬರೆಯುವವರು ಸ್ವಲ್ಪ ಅಧಿಕಾರ ಬಿಟ್ಟುಕೊಟ್ಟರು, ಬದಲಿಗೆ ನಿಜವಾದ ಬೆಳಕು ಸಿಕ್ಕಿತು. ಈಗ ಆರ್ನಾಲ್ಡ್, ರೆಂಡರ್‌ಮ್ಯಾನ್, ನಿಮ್ಮ ಬ್ಲೆಂಡರಿನ ಸೈಕಲ್ಸ್ ಎಲ್ಲ ರೆಂಡರರ್‌ಗಳಲ್ಲೂ ಈ ಭಾಷೆ ಓಡುತ್ತದೆ. ರೆಂಡರ್‌ಮ್ಯಾನ್ ತನ್ನ ಹಳೆಯ ಭಾಷೆಯನ್ನು 2016ರ 21ನೇ ಆವೃತ್ತಿಯಲ್ಲಿ ಕೈಬಿಟ್ಟಿತು. ಒಂದು ಭಾಷೆ ಹಳತಾಗುವುದು ಅದರ ವ್ಯಾಕರಣದಿಂದಲ್ಲ, ಅದು ಕೇಳುತ್ತಿದ್ದ ಪ್ರಶ್ನೆ ಬದಲಾದದ್ದರಿಂದ. ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಫೋಟೋಶಾಪ್ ಕೇಳಿದ್ದಿರಿ. ಅದರ 1.0.1 ಆವೃತ್ತಿಯ ಮೂಲ ಕೋಡನ್ನು ಅಮೆರಿಕದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ 2013ರಲ್ಲಿ ಹೊರಗೆ ಬಿಟ್ಟಿತು. ಸುಮಾರು 1,28,000 ಸಾಲು. ಅದರಲ್ಲಿ ಮುಕ್ಕಾಲು ಭಾಗ ಪ್ಯಾಸ್ಕಲ್, ಸುಮಾರು ಶೇಕಡಾ 15ರಷ್ಟು 68000 ಪ್ರೊಸೆಸರಿನ ಅಸೆಂಬ್ಲಿ. ನೋಡಿ, 1990ರಲ್ಲೂ ಪದರಗಳಿದ್ದವು! ಆಮೇಲೆ ಪ್ಯಾಸ್ಕಲ್ ಹೋಗಿ ಸಿ++ ಬಂತು. ಇತ್ತೀಚೆಗೆ ಅದರೊಳಗೆ ಹ್ಯಾಲೈಡ್ ಅನ್ನುವ ಭಾಷೆಯನ್ನೂ ಬಳಸುತ್ತಾರೆ. 2012ರಲ್ಲಿ ಬಂದದ್ದು. ಪಿಕ್ಸೆಲ್‌ಗೆ ಏನು ಲೆಕ್ಕ ಮಾಡಬೇಕು ಅನ್ನುವುದನ್ನು ಒಂದು ಕಡೆ ಬರೆಯುತ್ತೀರಿ. ಯಾವ ಕ್ರಮದಲ್ಲಿ, ಎಷ್ಟೆಷ್ಟು ತುಂಡು ಮಾಡಿ, ಎಷ್ಟು ಕೋರ್‌ಗಳಿಗೆ ಹಂಚಿ ಮಾಡಬೇಕು ಅನ್ನುವುದನ್ನು ಬೇರೆ ಕಡೆ ಬರೆಯುತ್ತೀರಿ. ಉತ್ತರ ಕೆಡದ ಹಾಗೆ ವೇಗವನ್ನು ಮಾತ್ರ ತಿದ್ದಬಹುದು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಆಫ್ಟರ್ ಎಫೆಕ್ಟ್ಸ್‌ನ ಎಕ್ಸ್‌ಪ್ರೆಶನ್‌ಗಳು ಜಾವಾಸ್ಕ್ರಿಪ್ಟ್. ಲೈಟ್‌ರೂಮ್‌ನ ದೊಡ್ಡ ಪಾಲು ಲುವಾ. ಯೂನಿಟಿಯ ಎಂಜಿನ್ ಸಿ++, ಆಟ ಬರೆಯುವವರಿಗೆ ಸಿ ಶಾರ್ಪ್. ಅನ್‌ರಿಯಲ್‌ನಲ್ಲಿ ಮೊದಲು ಅನ್‌ರಿಯಲ್‌ಸ್ಕ್ರಿಪ್ಟ್ ಇತ್ತು, ನಾಲ್ಕನೇ ಆವೃತ್ತಿಯಿಂದ ಸಿ++ ಮತ್ತು ಬ್ಲೂಪ್ರಿಂಟ್ ನೋಡ್‌ಗಳು.

ಹೆಚ್ಚು ಜನ ಮಾತಾಡದ, ಆದರೆ ಕೆಲಸಕ್ಕೆ ಹೋದ ಮೊದಲ ತಿಂಗಳೇ ಎದುರಾಗುವ ಇನ್ನೊಂದು ವಿಷಯ ಇದೆ. ಸಿ++ನಲ್ಲಿ ಮಾಡಿದ ಪ್ಲಗಿನ್ ಮತ್ತು ಅದನ್ನು ತೆರೆಯುವ ಸಾಫ್ಟ್‌ವೇರ್ ಎರಡೂ ಒಂದಕ್ಕೊಂದು ಹೊಂದುವ ಕಂಪೈಲರ್, ಹೊಂದುವ ಲೈಬ್ರರಿಗಳಿಂದ ಆಗಿರಬೇಕು. ಇಲ್ಲದಿದ್ದರೆ ಕೋಡಿನಲ್ಲಿ ಒಂದೂ ತಪ್ಪಿಲ್ಲದಿದ್ದರೂ ಕ್ರ್ಯಾಶ್ ಆಗುತ್ತದೆ. ಒಬ್ಬರು ಒಂದು ಆವೃತ್ತಿಯ ಕ್ಯೂಟಿ (ಕಿಟಕಿ, ಬಟನ್ ಮಾಡಿಕೊಡುವ ಲೈಬ್ರರಿ) ಬಳಸಿದರೆ, ಇನ್ನೊಬ್ಬರು ಇನ್ನೊಂದು. ಈ ಗೋಳು ತಪ್ಪಿಸಲು 2014ರಿಂದ ವಿಎಫ್ಎಕ್ಸ್ (ವಿಶುವಲ್ ಎಫೆಕ್ಟ್ಸ್) ರೆಫರೆನ್ಸ್ ಪ್ಲಾಟ್‌ಫಾರ್ಮ್ ಅನ್ನುವ ಪಟ್ಟಿ ಪ್ರತಿ ವರ್ಷ ಬರುತ್ತದೆ. ಈ ವರ್ಷ ಎಲ್ಲರೂ ಈ ಕಂಪೈಲರ್, ಈ ಪೈಥಾನ್, ಈ ಕ್ಯೂಟಿ, ಚಿತ್ರದ ಫೈಲಿಗೆ ಈ ಓಪನ್‌ಇಎಕ್ಸ್‌ಆರ್ ಅಂತ ಒಪ್ಪಿಕೊಳ್ಳುತ್ತಾರೆ. ಪೈಥಾನ್ 3ಕ್ಕೆ ಇಡೀ ಉದ್ಯಮ ಜೊತೆಯಾಗಿ ದಾಟಿದ್ದು ಇದರ 2020ರ ಪಟ್ಟಿ ಹಿಡಿದು. ನೀವು ಕಲಿಯಲು ಶುರು ಮಾಡುವ ಮೊದಲು ಇತ್ತೀಚಿನ ಪಟ್ಟಿ ನೋಡಿ, ಯಾವ ಆವೃತ್ತಿಯ ಸಿ++ ಕಲಿಯಬೇಕು ಅನ್ನುವುದೂ ಅಲ್ಲೇ ಸಿಗುತ್ತದೆ.

ಹಳೆಯ ಸಿ ಭಾಷೆ ಇನ್ನೂ ಉಸಿರಾಡುತ್ತಿರುವುದೂ ಈ ಕಾರಣಕ್ಕೇ. ಸಿ++ನ ಫಂಕ್ಷನ್ ಹೆಸರನ್ನು ಬೇರೆ ಬೇರೆ ಕಂಪೈಲರ್ ಬೇರೆ ಬೇರೆ ಥರ ತಿರುಚಿ ಇಡುತ್ತವೆ. ಸಿ ಹಾಗೆ ಮಾಡುವುದಿಲ್ಲ. ಹಾಗಾಗಿ ಒಳಗೆಲ್ಲ ಸಿ++ ಇದ್ದರೂ ಹೊರಗಿನವರಿಗೆ ಕೈ ಕೊಡುವ ಜಾಗದಲ್ಲಿ ಸಿ ಇಡುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡುವ ವಲ್ಕನ್, ಬೆಳಕಿನ ಕಿರಣಗಳ ಲೆಕ್ಕ ಮಾಡುವ ಇಂಟೆಲ್‌ನ ಎಂಬ್ರೀ, ಓಪನ್‌ಎಫ್ಎಕ್ಸ್ ಪ್ಲಗಿನ್‌ಗಳು, ಎಲ್ಲವೂ ಹೀಗೇ.

ಈಗ ರಸ್ಟ್. ಅದು ನನಗೆ ಇಷ್ಟವಾದ ಭಾಷೆ. ಸಿ++ನಷ್ಟೇ ವೇಗ ಇದೆ. ಮೆಮೊರಿ ತಪ್ಪುಗಳಲ್ಲಿ ಹೆಚ್ಚಿನವನ್ನು ಕಂಪೈಲ್ ಮಾಡುವಾಗಲೇ ಹಿಡಿಯುತ್ತದೆ. ಹೊಸದಾಗಿ ಒಂದು ಫೈಲ್ ಓದುವ ಟೂಲ್ ಬರೆಯಬೇಕಾದರೆ ನಾನು ಖುಷಿಯಿಂದ ಅದನ್ನು ತೆಗೆದುಕೊಳ್ಳುತ್ತೇನೆ. ಆದರೆ ಮಾಯಾ, ಹುಡಿನಿ, ನ್ಯೂಕ್‌ನ ಪ್ಲಗಿನ್ ಬಾಗಿಲುಗಳು ಸಿ++ಗೆ ತೆರೆದಿವೆ. ಓಪನ್‌ವಿಡಿಬಿ (ಹೊಗೆ, ಮೋಡಕ್ಕೆ), ಯುಎಸ್‌ಡಿ (ಇಡೀ ದೃಶ್ಯ ಹಂಚಿಕೊಳ್ಳಲು), ಓಪನ್‌ಇಎಕ್ಸ್‌ಆರ್‌ನಂಥ ಎಲ್ಲರೂ ನೆಚ್ಚಿರುವ ಲೈಬ್ರರಿಗಳು ಸಿ++ನವು. ನೀವು ಸೇರುವ ತಂಡದಲ್ಲಿ ಇರುವ ಲಕ್ಷಾಂತರ ಸಾಲನ್ನು ಓದಲು ಬಾರದೇ ಕೆಲಸ ಸಾಗದು. ರಸ್ಟ್ ಕಲಿಯಿರಿ, ಎರಡನೆಯದಾಗಿ. ಸಿ++ನಲ್ಲಿ ನಾಲ್ಕು ಸಲ ಕ್ರ್ಯಾಶ್ ಮಾಡಿಕೊಂಡ ಮೇಲೆ ಅದರ ನಿಯಮಗಳು ಯಾಕಿವೆ ಅಂತ ತಾನಾಗಿ ತಿಳಿಯುತ್ತದೆ.

ಪೈಥಾನೇ ಸಾಕೋ ಅಂದಿರಿ. ಯಾವ ಕೆಲಸ ಅನ್ನುವುದರ ಮೇಲಿದೆ. ಸ್ಟುಡಿಯೋದಲ್ಲಿ ಪೈಪ್‌ಲೈನ್ ಟಿಡಿ (ಟೆಕ್ನಿಕಲ್ ಡೈರೆಕ್ಟರ್) ಆದರೆ, ಅಂದರೆ ಒಂದು ವಿಭಾಗದ ಕೆಲಸ ಇನ್ನೊಂದಕ್ಕೆ ಸರಿಯಾಗಿ ತಲುಪುವಂತೆ ಮಾಡುವವರಾದರೆ, ದಿನದ ಹೆಚ್ಚಿನ ಹೊತ್ತು ಪೈಥಾನ್. ಅದು ಚಿಕ್ಕ ಕೆಲಸ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನೂರಾರು ಜನರ ಕೆಲಸ ಅದರ ಮೇಲೆ ನಿಂತಿರುತ್ತದೆ. ಎಫೆಕ್ಟ್ಸ್ ಕಡೆ ಹೋದರೆ ಪೈಥಾನ್ ಜೊತೆ ವೆಕ್ಸ್. ನೀವು ಬರೆದ ಹಾಗೆ ಸಾಫ್ಟ್‌ವೇರನ್ನೇ ಬರೆಯುವ ಆಸೆ ಇದ್ದರೆ ಸಿ++ ಬಿಟ್ಟು ದಾರಿ ಇಲ್ಲ. ಟೆಂಪ್ಲೇಟ್‌ಗಳ ಕಸರತ್ತು ಮೊದಲ ವರ್ಷ ಬೇಡ. ಮೆಮೊರಿ ಯಾರದು, ಎಷ್ಟು ಹೊತ್ತು ಇರುತ್ತದೆ, ಡೇಟಾ ಸಾಲಾಗಿ ಕೂತಿದೆಯೋ ಇಲ್ಲವೋ, ಇದಿಷ್ಟು ಗಟ್ಟಿ ಮಾಡಿಕೊಳ್ಳಿ. ವೆಕ್ಟರ್, ಮ್ಯಾಟ್ರಿಕ್ಸ್ ಲೆಕ್ಕ ಯಾವ ಭಾಷೆಯಲ್ಲೂ ಬಿಡುವುದಿಲ್ಲ, ಅದನ್ನು ಕೈಯಲ್ಲಿ ಬರೆದು ಕಲಿಯಿರಿ.

ಶುರು ಮಾಡಲು ಹೊಸ ಪ್ರಾಜೆಕ್ಟ್ ಬೇಡ. ನಿಮ್ಮ ಅಲೆಯೇ ಸಾಕು. ಅದನ್ನು ಮೂರು ಸಲ ಬರೆಯಿರಿ, ಪ್ರತಿ ಸಲವೂ ಒಂದು ಫ್ರೇಮಿಗೆ ಎಷ್ಟು ಸಮಯ ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. ಮೊದಲನೆಯದು ಈಗಿರುವ ಪೈಥಾನ್ ಲೂಪ್. ಎರಡನೆಯದರಲ್ಲಿ ಬ್ಲೆಂಡರಿನ ಫಾರೀಚ್ ಗೆಟ್ ಬಳಸಿ ಎಲ್ಲ ಪಾಯಿಂಟ್‌ಗಳನ್ನೂ ಒಂದೇ ಏಟಿಗೆ ನಮ್‌ಪೈ (ಪೈಥಾನ್‌ನ ಲೆಕ್ಕದ ಲೈಬ್ರರಿ) ಅರೇಗೆ ತಂದುಕೊಳ್ಳಿ. ಅಲ್ಲಿ ಇಡೀ ಅರೇಗೆ ಒಂದೇ ಸಲ ಸೈನ್ ಲೆಕ್ಕ ಮಾಡಿ, ಫಾರೀಚ್ ಸೆಟ್‌ನಿಂದ ವಾಪಸ್ ಕೊಡಿ. ಇನ್ನೂ ಪೈಥಾನೇ ಬರೆಯುತ್ತಿದ್ದೀರಿ, ಆದರೆ ಲೂಪ್ ಸಿ ಪದರಕ್ಕೆ ಇಳಿಯಿತು. ನಿಂತುಹೋಗುವ ಕಾಟ ಇಲ್ಲೇ ಬಹಳಷ್ಟು ಕಡಿಮೆಯಾಗುತ್ತದೆ. ಮೂರನೆಯದರಲ್ಲಿ ಆ ಲೆಕ್ಕವನ್ನು ಸಿ++ನ ಒಂದು ಫಂಕ್ಷನ್ ಆಗಿ ಬರೆಯಿರಿ. ಹೊರಗೆ ಸಿ ಥರ ಕಾಣುವಂತೆ ಇಡಿ, ಪೈಥಾನ್ ಒಳಗಿಂದ ಸಿ ಫಂಕ್ಷನ್ ಕರೆಯುವ ಸಿಟೈಪ್ಸ್‌ನಿಂದ ಕರೆಯಿರಿ, ನಮ್‌ಪೈ ಅರೇಯ ವಿಳಾಸವನ್ನೇ ಅದಕ್ಕೆ ಕೊಡಿ. ಅರೇ ಇರುವುದಕ್ಕಿಂತ ಉದ್ದ ಅಂತ ತಪ್ಪು ಹೇಳಿದರೆ ಬ್ಲೆಂಡರ್ ಬಿದ್ದುಹೋಗಬಹುದು. ಒಂದು ಸಲ ಬೀಳಿಸಿ ನೋಡಿದರೂ ನಷ್ಟವಿಲ್ಲ, ಸೇವ್ ಮಾಡಿ ಬೀಳಿಸಿ.

ಅದಾದ ಮೇಲೆ ಬ್ಲೆಂಡರಿನ ಮೂಲ ಕೋಡ್ ಇಳಿಸಿಕೊಳ್ಳಿ. 2002ರಲ್ಲಿ ಜನರೇ 1,00,000 ಯೂರೋ ಸೇರಿಸಿ ಅದನ್ನು ಎಲ್ಲರಿಗೂ ಬಿಡಿಸಿಕೊಟ್ಟರು, ನಿಮ್ಮಂಥವರು ತೆರೆದು ಓದಲಿ ಅಂತಲೇ. ಮಾಡಿಫೈಯರ್‌ಗಳ ಫೋಲ್ಡರಿನಲ್ಲಿ ವೇವ್ ಮಾಡಿಫೈಯರಿನ ಫೈಲ್ ಇದೆ. ಅದರೊಳಗೆ ಪಾಯಿಂಟ್‌ಗಳ ಮೇಲೆ ಒಂದು ಲೂಪ್ ಸಿಗುತ್ತದೆ. ಸೈನ್ ಬದಲು ಎಕ್ಸ್‌ಪೊನೆನ್ಶಿಯಲ್ ಹಾಕಿ ಉಬ್ಬು ಎಬ್ಬಿಸುತ್ತಾರೆ. ಉಳಿದದ್ದು ನಿಮ್ಮದೇ ಮೂರನೇ ಅಲೆಯ ಹಾಗೆ ಕಾಣುತ್ತದೆ. ಅಲ್ಲಿವರೆಗೆ ತಲುಪಿದಾಗ ಎಲ್ಲಿ ಅರ್ಥವಾಗಲಿಲ್ಲ ಅಂತ ಮತ್ತೆ ಬರೆಯಿರಿ.